ಅಕ್ಕ ಬೈಯದ ದಿನಗಳು

"ಮೈಮೇಲೆ ಲೋಹದ್ದು ಏನಾದ್ರೂ ಇದೆಯಾ? ಓಲೆ, ಉಂಗುರ, ಹೇರ್‌ಪಿನ್?" ಎಂದು ಸ್ಕ್ಯಾನ್ ಕೋಣೆಯ ತಂತ್ರಜ್ಞ ಕೇಳಿದ. ಗಾಲಿಕುರ್ಚಿಯಲ್ಲಿ ಕೂತಿದ್ದ ನನ್ನ ಅಕ್ಕ ಅವನನ್ನು ನೋಡಿ ನಕ್ಕಳು. ಓಲೆ ಬಿಚ್ಚಿ ಅವನ ಅಂಗೈಯಲ್ಲೇ ಇಟ್ಟು, "ತಗೊಳ್ಳಪ್ಪ" ಎಂದಳು.

ನೋಡುವವರಿಗೆ ಇದರಲ್ಲಿ ಹೆದರುವಂಥದ್ದೇನೂ ಕಾಣುವುದಿಲ್ಲ. ನಾನು ಮಾತ್ರ ಹೆದರಿದೆ. ನನಗೆ ಬುದ್ಧಿ ತಿಳಿದಾಗಿನಿಂದ ಅಕ್ಕ ಯಾರ ಮಾತಿಗೂ ಒಂದೇ ಸಲಕ್ಕೆ ಹೂಂ ಅಂದವಳಲ್ಲ. ಅವಳು ಸರಿಯಾಗಿದ್ದಿದ್ದರೆ, "ಓಲೆ ನಿನ್ ಕೈಗೆ ಕೊಟ್ಟು ನಾನು ಒಳಗೆ ಹೋಗಿ ಕಣ್ಮುಚ್ಚಿ ಮಲಗಬೇಕಾ? ಚೆನ್ನಾಗಿದೆ ನಿನ್ನ ವ್ಯವಹಾರ" ಎಂದು ಆ ಬಡಪಾಯಿಯ ನೀರಿಳಿಸುತ್ತಿದ್ದಳು. ಅವನು ಅವಳ ಕನ್ನಡಕವನ್ನೂ ತೆಗೆದು ನನ್ನ ಕೈಗೆ ಕೊಟ್ಟ. ದಪ್ಪ ಬಾಗಿಲು ಮುಚ್ಚಿಕೊಂಡಿತು.

ಬೆಂಚಿನ ಮೇಲೆ ನಾನು ಮತ್ತು ಭಾವ ಉಳಿದೆವು. ಭಾವ ಕರವಸ್ತ್ರವನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು ಮಾಡುತ್ತಿದ್ದರು. "ಸಾಕು ಮಾಡಿ ಭಾವ, ತಲೆ ಕೆಡ್ತಿದೆ" ಎಂದು ರೇಗಿದೆ. ಅವರು ಕರವಸ್ತ್ರ ಜೇಬಿಗಿಟ್ಟು ಅಂಗಿಯ ಗುಂಡಿ ತಿರುಗಿಸಲು ಶುರುಮಾಡಿದರು. ಗೋಡೆಯಾಚೆ ಯಂತ್ರ ಟಕಟಕ ಎಂದು ಬಡಿಯತೊಡಗಿತು. ಅಷ್ಟು ಸದ್ದಿನ ನಡುವೆ ಅಕ್ಕ ತುಟಿ ಪಿಟಕ್ಕೆನ್ನದೆ ಮಲಗಿದ್ದಾಳಲ್ಲ ಎಂದು ನೆನೆದರೆ ಜೀವ ಬಾಯಿಗೆ ಬರುತ್ತಿತ್ತು.

ನಮ್ಮದು ಕನ್ನಡಕದ ಅಂಗಡಿ. ಬಸ್ ನಿಲ್ದಾಣದ ಎದುರಿಗೆ, ಎರಡು ಗೋಡೆಗೂ ಕನ್ನಡಿ ಹಾಕಿ ಇದ್ದುದಕ್ಕಿಂತ ದೊಡ್ಡದಾಗಿ ಕಾಣಿಸುವ ಹಾಗೆ ಮಾಡಿಕೊಂಡ ಇಕ್ಕಟ್ಟಾದ ಅಂಗಡಿ. ಮೇಲಿನ ಮಹಡಿಯಲ್ಲಿ ಮನೆ. ಹಿಂದಿನ ಕತ್ತಲೆಕೋಣೆಯಲ್ಲಿ ಅಕ್ಷರದ ಫಲಕ ತೋರಿಸಿ ಕಣ್ಣು ಪರೀಕ್ಷೆ ಮಾಡುವುದು, ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ನನ್ನ ಕೆಲಸ. ಭಾವ ಲೆಕ್ಕಪತ್ರ ನೋಡುತ್ತಾರೆ, ಅಕ್ಕ ಹೇಳಿದ್ದಕ್ಕೆ ತಲೆಯಾಡಿಸುತ್ತಾರೆ. ಮುಂದಿನ ಕೌಂಟರು ಅಕ್ಕನದು. ಅಲ್ಲಿ ಅವಳದೇ ರಾಜ್ಯಭಾರ.

ಗಿರಾಕಿ ತಾನು ಮೆಚ್ಚಿದ ಫ್ರೇಮ್ ತೊಟ್ಟು ಕನ್ನಡಿಯಲ್ಲಿ ನೋಡಿಕೊಂಡು ಹಿಗ್ಗುತ್ತಿರುವಾಗಲೇ ಅವಳು, "ಕೆಳಗಿಡಿ. ನಿಮ್ಮ ಮುಖಕ್ಕೆ ಅದು ಕನ್ನಡಕ ಅಲ್ಲ, ಗುಂಡಿ ಹೊಲಿದ ಹಾಗಿದೆ" ಅನ್ನುತ್ತಿದ್ದಳು. ಸೋಫಾದ ಮೇಲೆ ಬಿಟ್ಟ ಕನ್ನಡಕದ ಮೇಲೇ ಕೂತು ಮುರಿದುಕೊಂಡು ಬಂದವನಿಗೆ, "ಕಣ್ಣು ಇರೋದು ಮುಖದಲ್ಲಿ, ಕೂರೋ ಕಡೆ ಅಲ್ಲ" ಎಂದು ಹೇಳಿ, ಕನ್ನಡಕದ ಮುರಿದ ಕಡ್ಡಿಯನ್ನು ತಾನೇ ಸರಿಮಾಡಿ ಕೊಟ್ಟಳು. ಜನ ಗೊಣಗುತ್ತಾ ಹೋಗುತ್ತಿದ್ದರು, ಮುಂದಿನ ಸಲ ಅಣ್ಣನನ್ನೋ ಅತ್ತೆಯನ್ನೋ ಕರೆದುಕೊಂಡು ಬರುತ್ತಿದ್ದರು. ನನ್ನ ಪಾಲಿಗಂತೂ ಬೈಗುಳ ಬೆಳಗಿನ ಕಾಫಿಯ ಜೊತೆಗೇ ಬರುತ್ತಿತ್ತು. ನನಗೆ ಮದುವೆ ಆಗದೆ ಉಳಿದದ್ದಕ್ಕೆ ಅವಳ ನಾಲಿಗೆ ಕಾರಣ ಎಂದು ನಾನು, ನನ್ನ ಮೂಗು ಕಾರಣ ಎಂದು ಅವಳು, ವರ್ಷಗಟ್ಟಲೆ ವಾದ ಮಾಡಿದ್ದೇವೆ.

ಚಳಿಗಾಲದ ಕೊನೆಯಲ್ಲಿ ಅವಳಿಗೆ ಹೊಟ್ಟೆಯ ಹುಣ್ಣು ಒಡೆದು ಆಪರೇಷನ್ ಆಯಿತು. ಹೊಟ್ಟೆಯ ಒಂದು ಭಾಗ ತೆಗೆದರು. ಮನೆಗೆ ಬಂದ ಮೇಲೆ ಊಟ ಎಂದರೆ ನಾಲ್ಕು ಚಮಚ. ಸೊರಗುತ್ತಾ ಬಂದಳು. ಅದು ಎಲ್ಲರಿಗೂ ಕಾಣುತ್ತಿತ್ತು, ಆಪರೇಷನ್ ಆದವರು ಸೊರಗದೆ ಇರುತ್ತಾರೆಯೇ ಎಂದು ಸುಮ್ಮನಿದ್ದೆವು.

ಆಮೇಲೆ ಅವಳು ಬೈಯುವುದನ್ನು ನಿಲ್ಲಿಸಿದಳು.

ಒಮ್ಮೆಗೇ ಅಲ್ಲ. ಮೊದಲು ನನ್ನ ಕಾಫಿ ಬೈಗುಳವಿಲ್ಲದೆ ಬಂತು. ಸಕ್ಕರೆಯೂ ಇರಲಿಲ್ಲ, ಆದರೆ ನನ್ನ ಗಮನ ಹೋದದ್ದು ಬೈಗುಳದ ಕಡೆಗೆ. ಆಮೇಲೊಂದು ದಿನ, ಗಿಡುಗನ ಮೂಗಿನ ಗಿರಾಕಿಯೊಬ್ಬ ಹಳದಿ ಪ್ಲಾಸ್ಟಿಕ್ ಫ್ರೇಮ್ ಹಾಕಿಕೊಂಡು "ಹೇಗಿದೆ?" ಎಂದ. ಕತ್ತಲೆಕೋಣೆಯಲ್ಲಿದ್ದ ನಾನು ಪರದೆ ಸರಿಸಿ, ಈಗ ಬೀಳುತ್ತೆ ನೋಡು ಪೆಟ್ಟು ಎಂದು ಕಾದೆ. ಅಕ್ಕ, "ನಿಮಗೆ ಇಷ್ಟ ಆದ್ರೆ ತಗೊಳ್ಳಿ" ಎಂದಳು. ಅವನು ತೆಗೆದುಕೊಂಡೂ ಹೋದ!

ನಮಗೆ ಹಬ್ಬವಾಯಿತು. ಸುಳ್ಳೇಕೆ ಹೇಳಲಿ, ಹಬ್ಬವೇ. ಭಾವ ಮೆಟ್ಟಿಲ ಮೇಲೆ ನನ್ನನ್ನು ತಡೆದು, "ಡಾಕ್ಟರು ಹೊಟ್ಟೆ ಜೊತೆ ಕೋಪಾನೂ ಕತ್ತರಿಸಿಬಿಟ್ಟಿದ್ದಾರೆ ಕಣಯ್ಯ" ಎಂದು ಪಿಸುಗುಟ್ಟಿದರು. ಇಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕೆವು. ಅವರು ರಾತ್ರಿ ರೇಡಿಯೋ ದೊಡ್ಡದಾಗಿ ಹಾಕತೊಡಗಿದರು. ನಾನು ಒದ್ದೆ ಟವೆಲ್ಲನ್ನು ಕುರ್ಚಿಯ ಮೇಲೆ ಎಸೆಯತೊಡಗಿದೆ. ವಯಸ್ಸಾಗುತ್ತಾ ಮನುಷ್ಯರು ಮಾಗುತ್ತಾರೆ ಎಂದು ಒಬ್ಬರಿಗೊಬ್ಬರು ತತ್ತ್ವ ಹೇಳಿಕೊಂಡೆವು.

ಒಂದು ಮಧ್ಯಾಹ್ನ ಅಕ್ಕ ರಸ್ತೆಯ ಕಡೆ ನೋಡುತ್ತಾ, "ಬಸ್ಸುಗಳು ಎರಡೆರಡು ಬರ್ತಿವೆ ಕಣೋ" ಎಂದಳು. ಬೇರೆ ಯಾರ ಮನೆಯಲ್ಲಾದರೂ ಡಾಕ್ಟರ ಹತ್ತಿರ ಓಡುತ್ತಿದ್ದರು. ನಾವು ಕನ್ನಡಕದವರು. ಕತ್ತಲೆಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದೆ. ಎರಡು ಕಣ್ಣೂ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಯಾಕೆ ನಿಲ್ಲುತ್ತಿಲ್ಲ ಎಂದು ಕೇಳಿಕೊಳ್ಳಬೇಕಾಗಿತ್ತು. ನಾನು ಕೇಳಿಕೊಂಡದ್ದು, ಎಷ್ಟು ಪ್ರಿಸಂ ಹಾಕಿದರೆ ನಿಂತಾವು ಎಂದು. ಪ್ರಿಸಂ ಎಂದರೆ ಬೆಳಕನ್ನು ಸ್ವಲ್ಪ ಪಕ್ಕಕ್ಕೆ ತಳ್ಳುವ ಗಾಜು. ಎರಡಾಗಿ ಕಾಣುವುದನ್ನು ಒಂದರ ಮೇಲೊಂದು ಕೂರಿಸುತ್ತದೆ. ಅಂಥ ಗಾಜು ತರಿಸಿ, ನನ್ನ ಕೈಯಾರೆ ಉಜ್ಜಿ, ಅವಳ ಫ್ರೇಮಿಗೆ ಹಾಕಿಕೊಟ್ಟೆ. ಅಕ್ಕ ಹಾಕಿಕೊಂಡು, "ಚೆನ್ನಾಗಿ ಕಾಣುತ್ತೆ. ನಿನ್ನ ಕೈ ಒಳ್ಳೇದು ಕಣೋ" ಎಂದಳು. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಹೊಗಳಿಕೆ. ಕಣ್ಣು ಮಂಜಾಯಿತು. ಕೆಲವು ದಿನಗಳಾದ ಮೇಲೆ ಬಸ್ಸುಗಳು ಮತ್ತೆ ಎರಡಾದವು. ನಾನು ಪ್ರಿಸಂ ಜಾಸ್ತಿ ಮಾಡಿದೆ.

ಸ್ಕ್ಯಾನಿನ ಹಿಂದಿನ ಸಂಜೆ ಅವಳು ಕೌಂಟರಿನಿಂದ ಎದ್ದವಳು ಎರಡು ಹೆಜ್ಜೆ ಇಟ್ಟು ಫ್ರೇಮುಗಳ ಸ್ಟ್ಯಾಂಡಿನ ಸಮೇತ ಬಿದ್ದಳು. ಪಕ್ಕದ ಬೀದಿಯ ಕ್ಲಿನಿಕ್ಕಿನಲ್ಲಿ, ನಿಶ್ಶಕ್ತಿ ಎಂದು ಗ್ಲೂಕೋಸ್ ಏರಿಸಿ ಕಳಿಸಿದರು. ಬೆಳಿಗ್ಗೆ ಎಬ್ಬಿಸಲು ಹೋದರೆ ಕಣ್ಣಗುಡ್ಡೆಗಳು ಅಳ್ಳಾಡುತ್ತಿದ್ದವು. ಕಾಫಿ ಹಿಡಿದು ನಿಂತ ಭಾವನನ್ನು ನೋಡಿ, ಬಹಳ ಮರ್ಯಾದೆಯಿಂದ, "ಕೂತ್ಕೊಳ್ಳಿ. ತಾವು ಯಾರ ಕಡೆಯವರು?" ಎಂದು ಕೇಳಿದಳು.

ಲೋಟ ಬಿದ್ದ ಸದ್ದಿಗೆ ನಾನು ಓಡಿದೆ. ಅಲ್ಲಿಂದ ನೇರ ಈ ದೊಡ್ಡಾಸ್ಪತ್ರೆಗೆ ಬಂದದ್ದು.

ಯಂತ್ರದ ಬಡಿತ ನಿಂತಿತು. ಬಾಗಿಲು ತೆರೆಯಲಿಲ್ಲ. ಯಾಕೆ ತೆರೆಯುತ್ತಿಲ್ಲ? ಏನೋ ಕಂಡಿರಬೇಕು, ಮತ್ತೆ ಮತ್ತೆ ನೋಡುತ್ತಿರಬೇಕು. ಗಡ್ಡೆಯೇ? ರಕ್ತ ಹೆಪ್ಪುಗಟ್ಟಿದೆಯೇ? ನನ್ನ ತಲೆ ಬೇಡದ್ದನ್ನೆಲ್ಲ ಒಂದೊಂದಾಗಿ ಎಳೆದು ತಂದು ಮುಂದೆ ಇಡುತ್ತಿತ್ತು. ಕೊನೆಗೆ ಪಕ್ಕದ ಕೋಣೆಯಿಂದ ಸ್ಕ್ಯಾನ್ ನೋಡುವ ಡಾಕ್ಟರಮ್ಮ ಹೊರಗೆ ಬಂದರು. ಬಿಳಿಗೂದಲಿನ, ಕುಳ್ಳಗಿನ ಹೆಂಗಸು. ಕನ್ನಡಕ ಮೂಗಿನ ಮೇಲಿಂದ ಜಾರುತ್ತಿತ್ತು. ಇಂಥ ಹೊತ್ತಿನಲ್ಲೂ ನನ್ನ ಹಾಳು ಕಣ್ಣು ಅದರ ಸಡಿಲವಾದ ಸ್ಕ್ರೂ ಕಡೆಗೇ ಹೋಯಿತು.

"ಇವರು ಕುಡೀತಾರಾ?" ಎಂದು ಕೇಳಿದರು.

"ನೀರಾ?" ಎಂದರು ಭಾವ.

"ಅಲ್ಲ. ಮದ್ಯ."

ಭಾವ ನನ್ನ ಮುಖ ನೋಡಿದರು. "ಇಲ್ಲಮ್ಮ. ಒಂದ್ಸಲ ನಾನು ಸ್ವಲ್ಪ ಬಿಯರ್ ಕುಡಿದು ಬಂದಿದ್ದಕ್ಕೆ ರಾತ್ರಿಯೆಲ್ಲಾ ಮೆಟ್ಟಿಲ ಮೇಲೆ ಕೂರಿಸಿದ್ಲು."

"ಹಾಗಾದ್ರೆ ಊಟ ಹೇಗೆ? ಹೊಟ್ಟೆ ಆಪರೇಷನ್ ಆಗಿದೆ ಅಂತ ಬರೆದಿದೆ. ವಾಂತಿ ಇತ್ತಾ?"

"ಇಲ್ಲ" ಎಂದೆ ನಾನು. ಭಾವ ನೆಲ ನೋಡುತ್ತಿದ್ದರು.

"ಇತ್ತು" ಎಂದರು ಅವರು. "ದಿನಾ. ತಿಂದಿದ್ದು ನಿಲ್ತಾನೇ ಇರಲಿಲ್ಲ. ಯಾರಿಗಾದ್ರೂ ಹೇಳಿದ್ರೆ ನೋಡಿ ಅಂದಿದ್ಲು. ಮೊದಮೊದಲು ಗದರಿಸಿ ಹೇಳಿದ್ಲು. ಆಮೇಲಾಮೇಲೆ ಬೇಡ್ಕೊಂಡ್ಲು."

ಅವರ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಡಾಕ್ಟರಮ್ಮ ಆಗಲೇ ಫೋನ್ ಎತ್ತಿಕೊಂಡಿದ್ದರು. "ಬಿ ಒನ್ ವಿಟಮಿನ್ನು, ರಕ್ತನಾಳಕ್ಕೆ, ಈಗಲೇ. ರಕ್ತಪರೀಕ್ಷೆ ಬರಲಿ ಅಂತ ಕಾಯಬೇಡಿ. ಅದು ಹೋಗೋವರೆಗೂ ಗ್ಲೂಕೋಸ್ ಬೇಡ" ಎಂದು ವಾರ್ಡಿಗೆ ಹೇಳಿ, ನಮ್ಮನ್ನು ಒಳಗೆ ಕರೆದರು.

ಪರದೆಯ ಮೇಲೆ ಅಕ್ಕನ ತಲೆಯ ಒಳಗು ಇತ್ತು. ಬೂದು ಬಣ್ಣದ ಮಡಿಕೆಗಳು, ಸುತ್ತ ಕಪ್ಪು. ಇಷ್ಟು ವರ್ಷ ನನ್ನನ್ನು ಆಳಿದ ತಲೆ ಇದೇನಾ ಅನ್ನಿಸಿತು. ನಡುವಿನ ಗೆರೆಯ ಆಚೆಗೊಂದು ಈಚೆಗೊಂದು, ಆಳದಲ್ಲಿ ಎರಡು ಬೆಳ್ಳನೆಯ ಮಚ್ಚೆಗಳು. ಅವುಗಳ ಕೆಳಗೆ ಇನ್ನೂ ಸಣ್ಣ ಜೋಡಿ. ಒಂದು ಇನ್ನೊಂದರ ಪಡಿಯಚ್ಚು. ಜೋಡಿ ಗಾಜು ನೋಡಿ ಬದುಕುವವನು ನಾನು, ಅಷ್ಟು ಸರಿಸಮನಾದ ಜೋಡಿಯನ್ನು ನಾನು ಕೂಡ ಉಜ್ಜಿರಲಿಲ್ಲ.

"ಪಾರ್ಶ್ವವಾಯು ಆದ್ರೆ ಸಾಮಾನ್ಯವಾಗಿ ಒಂದು ಕಡೆ ಕಾಣುತ್ತೆ" ಎಂದರು ಡಾಕ್ಟರಮ್ಮ. "ಹೀಗೆ ಎರಡೂ ಕಡೆ ಒಂದೇ ಸಮ ಇದ್ರೆ, ತೊಂದರೆ ಮೆದುಳಲ್ಲೇ ಹುಟ್ಟಿದ್ದಲ್ಲ, ರಕ್ತದ ಮೂಲಕ ಬಂದಿದ್ದು ಅಂತ ಅನುಮಾನ ಪಡ್ತೀವಿ. ಇವರ ಮೆದುಳಿಗೆ ಸಿಗಬೇಕಾದ ವಿಟಮಿನ್ ಸಿಕ್ಕಿಲ್ಲ. ಇದ್ದ ಚೂರುಪಾರೂ ನಿನ್ನೆ ಹಾಕಿದ ಗ್ಲೂಕೋಸ್ ಕರಗಿಸೋಕೆ ಖರ್ಚಾಗಿರಬೇಕು. ಮೆದುಳು ಹಸಿದಿದೆ."

"ಸರಿ ಹೋಗುತ್ತಾ?"

"ಕಣ್ಣು ಬೇಗ ಸರಿ ಹೋಗಬಹುದು. ನಡಿಗೆ ನಿಧಾನ." ಪೆನ್ನಿನ ತುದಿಯಿಂದ ಕೆಳಗಿನ ಸಣ್ಣ ಜೋಡಿಯನ್ನು ತೋರಿಸಿದರು. "ಇದು ನೆನಪಿಗೆ ಸಂಬಂಧಪಟ್ಟ ಜಾಗ. ಇದರ ಬಗ್ಗೆ ನಾನು ಮಾತು ಕೊಡಲ್ಲ. ಕೆಲವರು ಪೂರ್ತಿ ವಾಪಸ್ ಬರ್ತಾರೆ. ಕೆಲವರು ಬರಲ್ಲ." ಆಮೇಲೆ ಕೇಳಿದರು, "ಸ್ವಭಾವದಲ್ಲಿ ಏನಾದ್ರೂ ಬದಲಾವಣೆ ಇತ್ತಾ?"

ನಾನೂ ಭಾವನೂ ಮುಖ ಮುಖ ನೋಡಿಕೊಂಡೆವು.

"ಒಳ್ಳೆಯವಳಾಗಿದ್ಲು" ಎಂದೆ.

"ಅಂದ್ರೆ?"

"ಬೈಯೋದು ನಿಲ್ಲಿಸಿದ್ಲು."

ಅವರು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಾಗಿತ್ತು. ನನ್ನ ಕೈಯಲ್ಲಿದ್ದ ಕನ್ನಡಕ ತೆಗೆದುಕೊಂಡು ಬೆಳಕಿಗೆ ಹಿಡಿದು, "ಪ್ರಿಸಂ ಇದೆ. ಯಾರು ಹಾಕಿದ್ದು?" ಎಂದರು. "ನಾನೇ" ಎಂದೆ. ಅವರು ಅದನ್ನು ಮಡಿಸಿ ಹಿಂದಕ್ಕೆ ಕೊಟ್ಟರು. ಕಣ್ಣು ಆಡಿಸುವ ನರಗಳು ಸೋತಿದ್ದವು, ಈ ಗಾಜು ಅದನ್ನು ಮುಚ್ಚಿಟ್ಟಿತು, ಅಷ್ಟೇ ಎಂದರು.

ಔಷಧಿ ಹೋಗತೊಡಗಿದ ಮೇಲೆ ಕಣ್ಣಗುಡ್ಡೆಗಳ ಅಳ್ಳಾಟ ಬಲುಬೇಗ ನಿಂತಿತು. ವಾರ್ಡಿನ ಡಾಕ್ಟರು ಬೆರಳು ಆಡಿಸಿದರೆ ಅಕ್ಕನ ಕಣ್ಣು ಅದರ ಹಿಂದೆಯೇ ಹೋಯಿತು. ಭಾವ ಅಳುತ್ತಾ ನಗುತ್ತಾ ಎಲ್ಲ ನರ್ಸುಗಳಿಗೂ ಕೈಮುಗಿದರು. ನನಗೆ ಮಾತ್ರ ನೆಮ್ಮದಿ ಬರಲಿಲ್ಲ. "ನೆನಪು?" ಎಂದು ಕೇಳಿದರೆ ವಾರ್ಡಿನ ಡಾಕ್ಟರು ಪ್ರತಿ ಸಲವೂ "ನೋಡೋಣ" ಅನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನೋಡುವುದಕ್ಕೆ ಇವರೇನು ಸಿನಿಮಾಕ್ಕೆ ಬಂದಿದ್ದಾರಾ?

"ಬೆಳಿಗ್ಗೆ ಏನ್ ತಿಂದೆ ಅಕ್ಕ?" ಎಂದು ಕೇಳಿದೆ.

"ತಿಂದೆ ಕಣೋ. ತಿಂದು ಅಂಗಡಿ ಬಾಗಿಲು ತೆಗೆದು ಈಗಷ್ಟೇ ಬಂದೆ" ಎಂದಳು. ಅವಳ ಕಾಲು ಮಂಚದಿಂದ ಇಳಿದಿರಲಿಲ್ಲ. ನೆನಪು ಇಲ್ಲದ ಕಡೆ ಮೆದುಳು ತಾನೇ ಏನೋ ಒಂದನ್ನು ತುಂಬಿಕೊಳ್ಳುತ್ತದೆ, ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ ಎಂದರು ಡಾಕ್ಟರು. ಅಕ್ಕ ಸುಳ್ಳು ಹೇಳುವವಳಲ್ಲ ಎಂದು ಇವರು ನನಗೆ ಹೇಳಿಕೊಡಬೇಕಾಗಿ ಬಂತಲ್ಲ!

ಅವಳನ್ನು ಕೆಣಕಿ ನೋಡಲು ಹೊರಟೆ. ಗಿರಾಕಿಯೊಬ್ಬರ ಓದುವ ಕನ್ನಡಕದ ಎಡಗಾಜನ್ನು ಬಲಕ್ಕೆ ಹಾಕಿ ಕೊಟ್ಟುಬಿಟ್ಟೆ ಎಂದು ಸುಳ್ಳೇ ಹೇಳಿದೆ. "ಹೋಗಲಿ ಬಿಡು" ಎಂದಳು. ಕೌಂಟರಿನ ಗಾಜು ಒರೆಸಿ ಎಷ್ಟೋ ದಿನ ಆಯಿತು ಎಂದೆ. "ಒರೆಸಿದ್ರಾಯ್ತು" ಎಂದಳು. ಭಾವ ಅವಳ ಮಂಚದ ಮೇಲೆ ಕಾಲು ಚಾಚಿ ಕೂತರು. ಪಾಪ, ಅವರ ಕೈಲಾದದ್ದು ಅಷ್ಟೇ. ಅವಳು ಸರಿದು ಜಾಗ ಮಾಡಿಕೊಟ್ಟಳು. ಭಾವ ಎದ್ದು ಹೊರಗೆ ಹೋಗಿ ಕಿಟಕಿಯ ಸರಳು ಹಿಡಿದು ನಿಂತರು. ನನಗೂ ಆಗ ನಿಜವಾಗಿ ಭಯವಾಯಿತು. ಇವಳು ಹೀಗೆಯೇ ಉಳಿದುಬಿಟ್ಟರೆ? ಸುಮ್ಮನೆ ನಗುವ, ಹೇಳಿದ ಹಾಗೆ ಕೇಳುವ, ನನ್ನ ಅಕ್ಕನ ಮುಖ ಇರುವ ಯಾರೋ ಒಬ್ಬಳನ್ನು ಮನೆಗೆ ಕರೆದುಕೊಂಡು ಹೋಗಬೇಕಾದರೆ?

ಮಧ್ಯಾಹ್ನದ ಹೊತ್ತು ಅಂಗಡಿ ತೆರೆಯುತ್ತಿದ್ದೆ. ಒಂದು ದಿನ ಒಬ್ಬ ಹೆಂಗಸು ಕನ್ನಡಕ ಒಯ್ಯಲು ಬಂದು, "ಅವರಿಲ್ವಾ? ಎಷ್ಟು ಸಾಧು ಹೆಂಗಸು. ಅಂಥೋರು ಸಿಗೋದು ಕಷ್ಟ" ಎಂದರು. ಅವರು ಹೊಸ ಗಿರಾಕಿ, ಇತ್ತೀಚಿನ ಅಕ್ಕನನ್ನು ಮಾತ್ರ ಕಂಡವರು. ನನಗೆ ಏನಾಯಿತೋ ಗೊತ್ತಿಲ್ಲ, "ಸಾಧು ಅಲ್ಲ ರೀ ಅವಳು! ನಿಮಗೇನ್ ಗೊತ್ತು ಅವಳ ವಿಷಯ?" ಎಂದು ಕಿರುಚಿದೆ. ಆಕೆ ಕನ್ನಡಕವನ್ನು ಎದೆಗೆ ಅವುಚಿಕೊಂಡು ಹೊರಟೇಹೋದರು. ಬಾಗಿಲೆಳೆದು, ಕತ್ತಲೆಕೋಣೆಯಲ್ಲಿ ಕೂತು ಅತ್ತೆ.

ದಿನಗಳು ಕಳೆದವು. ಅಕ್ಕ ಗೋಡೆ ಹಿಡಿದು ನಡೆದಳು, ಆಮೇಲೆ ಗೋಡೆ ಬಿಟ್ಟು ನಡೆದಳು. ಊಟ ಸ್ವಲ್ಪಸ್ವಲ್ಪವಾಗಿ ಹೊಟ್ಟೆಯಲ್ಲಿ ನಿಂತಿತು. ಇಲ್ಲದ್ದನ್ನು ಕಟ್ಟಿ ಹೇಳುವುದು ಕಡಿಮೆಯಾಗಿ, ಕೇಳಿದ್ದಕ್ಕೆ "ನೆನಪಿಲ್ಲ" ಅನ್ನತೊಡಗಿದಳು. ಅದು ಒಳ್ಳೆಯ ಲಕ್ಷಣ ಎಂದರು. ಆದರೆ ಮಾತು ಕಡಿಮೆ. ಬಹಳ ಹೊತ್ತು ಸೂರು ನೋಡುತ್ತಾ ಮಲಗಿರುತ್ತಿದ್ದಳು. ಏನು ಯೋಚಿಸುತ್ತಿದ್ದಾಳೆ, ಯೋಚಿಸುತ್ತಿದ್ದಾಳೋ ಇಲ್ಲವೋ ಎಂದು ನಾನು ಅವಳ ಮುಖವನ್ನೇ ಕಾಯುತ್ತಿದ್ದೆ.

ಮನೆಗೆ ಕಳಿಸುವ ಮೊದಲು ಇನ್ನೊಮ್ಮೆ ಸ್ಕ್ಯಾನ್ ಮಾಡಿದರು. ಡಾಕ್ಟರಮ್ಮ ಹಳೆಯ ಚಿತ್ರವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಮೇಲಿನ ಬೆಳ್ಳನೆಯ ಜೋಡಿ ಹುಡುಕಿದರೂ ಕಾಣುತ್ತಿರಲಿಲ್ಲ. ಕೆಳಗಿನದು ಮಸುಕಾಗಿತ್ತು.

"ಹಾಗಾದ್ರೆ ಪೂರ್ತಿ ವಾಪಸ್ ಬಂದ್ಲಾ?" ಎಂದು ಕೇಳಿದೆ. ನನ್ನ ಧ್ವನಿ ನನಗೇ ಮಗುವಿನದರಂತೆ ಕೇಳಿಸಿತು.

"ಚಿತ್ರ ಸುಧಾರಿಸಿದೆ" ಎಂದರು ಅವರು. "ಅವರು ಎಷ್ಟು ಸುಧಾರಿಸಿದ್ದಾರೆ ಅಂತ ಚಿತ್ರ ಹೇಳಲ್ಲ. ಚಿತ್ರ ಚೆನ್ನಾಗಾಗಿ ಮನುಷ್ಯ ಚೆನ್ನಾಗದೇ ಇರೋದೂ ಉಂಟು. ಅದನ್ನ ನೀವು ಅವರ ಜೊತೆ ಇದ್ದೇ ತಿಳ್ಕೋಬೇಕು."

ಹೊರಗೆ ಬಂದಾಗ ಅಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದಳು. ನಡೆಯಬಲ್ಲಳು, ಆದರೆ ಗೇಟಿನವರೆಗೆ ಕುರ್ಚಿಯಲ್ಲೇ ಹೋಗಬೇಕೆಂಬುದು ಆಸ್ಪತ್ರೆಯ ನಿಯಮ. ಭಾವ ಚೀಲ ಹಿಡಿದಿದ್ದರು. ನಾನು ಕುರ್ಚಿ ತಳ್ಳಲು ಹೋದೆ. ಅವಳು ಚಕ್ರಕ್ಕೆ ಕೈ ಅಡ್ಡ ಇಟ್ಟಳು.

"ಇಲ್ಲಿ ಬಾ. ಎದುರಿಗೆ ನಿಂತ್ಕೊ" ಎಂದಳು. ನಿಂತೆ. ಅವಳ ಕಣ್ಣು ನನ್ನ ಮುಖದ ಮೇಲೆ ನೇರವಾಗಿ ಬಂದು ಕೂತಿತು. "ಇದು ನನಗೆ ಯಾವತ್ತಿಂದ ಇತ್ತು?"

"ಬಿದ್ದೆಯಲ್ಲ, ಆವತ್ತಿಂದ" ಎಂದೆ.

"ಒಂದೇ ದಿನಕ್ಕೆ ಯಾರ ತಲೆಯೂ ಹೀಗಾಗಲ್ಲ. ಅದಕ್ಕೆ ಮುಂಚೆ ನಾನು ಹೇಗಿದ್ದೆ? ಅಂಗಡೀಲಿ ಕೂರ್ತಿದ್ನಾ?"

"ಕೂರ್ತಿದ್ದೆ."

"ಗಿರಾಕಿಗಳನ್ನ ಬೈತಿದ್ನಾ?"

ಭಾವನಿಗೆ ಅವಳು ಇಷ್ಟು ಮಾತಾಡಿದ್ದೇ ಸಂತೋಷ. "ಅಯ್ಯೋ, ಒಬ್ಬರನ್ನೂ ಇಲ್ಲ!" ಎಂದುಬಿಟ್ಟರು. "ನನ್ನನ್ನೂ ಇಲ್ಲ, ಇವನನ್ನೂ ಇಲ್ಲ. ಸುಮಾರು ದಿನ ಒಂದು ಜೋರು ಮಾತು ಆಡಲಿಲ್ಲ ನೀನು."

ಅಕ್ಕ ಅವರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಅಷ್ಟು ದಿನ ನಾನು ಒಬ್ಬರನ್ನೂ ಬೈಲಿಲ್ಲ. ನನಗೇನೋ ಆಗಿದೆ ಅಂತ ನಿಮ್ಮಿಬ್ಬರಲ್ಲಿ ಒಬ್ಬರಿಗೂ ಅನ್ನಿಸ್ಲಿಲ್ವಾ?"

ಎದೆ ಧಸಕ್ಕೆಂದಿತು, ಮರುಕ್ಷಣವೇ ಕುಣಿದಾಡಿತು. ಬಂದಿದ್ದಾಳೆ! ನಾಲ್ಕು ಮಾತಿನಲ್ಲಿ ನೆಟ್ಟಗೆ ಗಾಯಕ್ಕೇ ಬೆರಳಿಡುವವಳು ಭೂಮಿಯ ಮೇಲೆ ಇವಳೊಬ್ಬಳೇ. ಪೂರ್ತಿಯಾಗಿ ಬಂದಿದ್ದಾಳೆ. ಈಗ ಬೈಯುತ್ತಾಳೆ, ನಮ್ಮ ಜನ್ಮ ಜಾಲಾಡುತ್ತಾಳೆ, ಬೈಯಲಿ, ಇಡೀ ಆಸ್ಪತ್ರೆಗೆ ಕೇಳಿಸಲಿ ಎಂದುಕೊಂಡೆ. ಅಷ್ಟು ಹಿಗ್ಗಿನಲ್ಲಿ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

"ಅನ್ನಿಸ್ಲಿಲ್ಲ ಅಕ್ಕ" ಎಂದೆ. "ನಮಗೆ ಚೆನ್ನಾಗಿತ್ತು."

ಭಾವ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ನಾನು ತಲೆ ತಗ್ಗಿಸಿ ಕಾದೆ.

ಅವಳು ಚಕ್ರದ ಮೇಲಿದ್ದ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. "ನಡಿ, ಹೋಗೋಣ" ಎಂದಳು, ಮೆತ್ತಗೆ.

ಕುರ್ಚಿ ತಳ್ಳಿದೆ. ಓಣಿಯುದ್ದಕ್ಕೂ ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಗೇಟು ಬಂದರೂ ಅವಳು ಬೈಯಲಿಲ್ಲ. ಈ ಸಲ ಅದಕ್ಕೆ ಕಾರಣ ರೋಗವಲ್ಲ ಎಂಬುದು ನನಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು.